ರೊಟ್ಟಿ ಮಷೀನಿನ ಸವಕಳಿ

ನೆಲೋಗಿ,
11 ಫೆಬ್ರುವರಿ 2025, ಮಂಗಳವಾರ

ಪ್ರೀತಿಯ ಭಾಗ್ಯಾ,

ಕೈಗೆ ಜಡ್ಡು ಹಿಡಿದಿದೆಯೋ, ಅಕ್ಷರವೇ ಮರೆತು ಹೋಗಿದೆಯೋ? ಮೂರನೇ ಇಯತ್ತೆ ಓದಿದ ನಾನು ಕಟ್ಟೆಯ ಮೇಲೆ ಕೂತು ಒಂದೊಂದೇ ಅಕ್ಷರ ಹೆಕ್ಕಿ ಬರೆಯುತ್ತೇನೆ. ಕಲಬುರಗಿಯ ಆಡಿಟರ ಆಫೀಸಿನಲ್ಲಿ ಊರ ಮಂದಿಯ ಲೆಕ್ಕ ಬರೆಯುವ ನೀನು, ನಾನು ಏನು ಕೇಳಿದರೂ ಫೋನಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸುತ್ತಿ. ಹೆಬ್ಬೆಟ್ಟು ಒತ್ತಲಿಕ್ಕೆ ನಿನ್ನನ್ನು ಅಷ್ಟು ಓದಿಸಬೇಕಿತ್ತೇ? ಇರಲಿ. ಮೈಯಲ್ಲಿ ಆರಾಮ ಇದ್ದೀಯಾ? ಸಂಕ್ರಾಂತಿಗೆ ಬಂದಾಗ ಕೆಮ್ಮುತ್ತಿದ್ದೆ. ಆ ಮೆಸ್ಸಿನ ಅನ್ನ ತಿಂದರೆ ಕೆಮ್ಮಲ್ಲದೆ ಇನ್ನೇನು ಬಂದೀತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ. ಇಲ್ಲಿ ನನ್ನ ಮೊಣಕಾಲು ಒಂದು ಬಿಟ್ಟರೆ ಉಳಿದವರೆಲ್ಲ ನನ್ನ ಮಾತು ಕೇಳುತ್ತಾರೆ.

ಖಾಸೀಂಬಿ ಊರು ಬಿಡುವುದು ಖಾತ್ರಿಯಾಯಿತು. ಕಣ್ಣಿಗೆ ಪೊರೆ ಬಂದು ಹೆಂಚಿನ ಅಂಚು ಕಾಣುವುದಿಲ್ಲ. ಅಫಜಲಪುರದ ಮಗಳು ಶಾಹೀನ ಬಂದು ಹಟ ಹಿಡಿದು ಕರೆದಿದ್ದಾಳೆ. ರಂಜಾನಿನ ಮೊದಲ ರೋಜಾ ಅಲ್ಲೇ ಹಿಡಿಯುತ್ತಾಳಂತೆ. ಎಂಟು ವರ್ಷದ ಹಿಂದೆ ನಾವಿಬ್ಬರೂ ಅರ್ಧರ್ಧ ಹಾಕಿ ಆ ರೊಟ್ಟಿ ಮಷೀನು ತಂದು ಜೇವರ್ಗಿಯ ಖಾನಾವಳಿಗಳಿಗೆ ರೊಟ್ಟಿ ಕಳಿಸತೊಡಗಿದವರು. ಈಗ ಅವಳ ಅರ್ಧ ಅವಳ ಕೈಗೆ ಇಟ್ಟು ಕಳಿಸಬೇಕು. ಆದರೆ ಹಳೆಯ ಮಷೀನಿನ ಅರ್ಧ ಎಂದರೆ ಎಷ್ಟು? ಅವಳ ಅಳಿಯ ಆಫ್ತಾಬ ಕೊಂಡ ಬೆಲೆಯ ಅರ್ಧ ಕೇಳಿದ. ನಿಮ್ಮಪ್ಪ ಶಿವರಾಯ, ನನ್ನ ಹೊಟ್ಟೆಯಲ್ಲೇ ಹುಟ್ಟಿದವನು, "ಹಳೇ ಕಬ್ಬಿಣ ಅದು, ತೂಕಕ್ಕ ಹಾಕ್ರಿ" ಅಂದ. ಮಾತಿಗೆ ಮಾತು ಬೆಳೆದು ನಾವಿಬ್ಬರು ಮುದುಕಿಯರು ಒಂದೇ ಹಿಟ್ಟಿನ ಬುಟ್ಟಿಯ ಹತ್ತಿರ ಬೆನ್ನಿಗೆ ಬೆನ್ನು ಕೊಟ್ಟು ಕೂತೆವು. ಸಂಕ್ರಾಂತಿಗೆ ನೀನು ಬರದಿದ್ದರೆ ಇವತ್ತೂ ಹಾಗೇ ಕೂತಿರುತ್ತಿದ್ದೆವು.

ಅವತ್ತು ನೀನು ಮಾಡಿದ್ದನ್ನು ನಿನ್ನ ಎದುರಿಗೆ ಹೊಗಳಲಿಲ್ಲ, ಹೊಗಳಿದರೆ ನಿನ್ನ ಕಾಲು ನೆಲಕ್ಕೆ ಹತ್ತುವುದಿಲ್ಲ. ಕಾಗದದಲ್ಲಿ ಹೊಗಳುತ್ತೇನೆ, ಓದಿ ಮಡಚಿಡು. ನಾನು ಒಳಗೆ ಚಹಾ ಕಾಯಿಸುತ್ತಿದ್ದೆ, ನಿನ್ನ ಒಂದೊಂದು ಪ್ರಶ್ನೆಯೂ ಕಿವಿಗೆ ಬೀಳುತ್ತಿತ್ತು, ನಿಮ್ಮಪ್ಪ ಕೊಟ್ಟ ಉತ್ತರ ಮಾತ್ರ ಕೇಳುತ್ತಿರಲಿಲ್ಲ. ಕೊಂಡಾಗ ಬೆಲೆ ಎಷ್ಟು, ಕಡೆಗೆ ಗುಜರಿಗೆ ಹಾಕಿದರೆ ಎಷ್ಟು ಬಂದೀತು, ಆಯುಷ್ಯದಲ್ಲಿ ಎಷ್ಟು ರೊಟ್ಟಿ ಲಟ್ಟಿಸುತ್ತದೆಂದು ಮಾರಿದವರು ಹೇಳಿದ್ದರು, ದಿನಕ್ಕೆ ಎಷ್ಟು ರೊಟ್ಟಿ, ವಾರಕ್ಕೆ ಎಷ್ಟು ದಿನ. ಇದಕ್ಕೆ ಸವಕಳಿ ಅನ್ನುತ್ತಾರೆ, ವರ್ಷ ಎಣಿಸಿ ಕಳೆಯುವವರೂ ಇದ್ದಾರೆ, ಆದರೆ ಈ ಮಷೀನು ದುಡಿದಷ್ಟೇ ಸವೆಯುತ್ತದೆ, ಅದಕ್ಕೇ ದುಡಿದದ್ದನ್ನು ಎಣಿಸುತ್ತೇನೆ ಅಂದಿ. ನಿನ್ನ ಅಜ್ಜ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ, ಹಲ್ಲು ನೋಡಿ, ಇದರಲ್ಲಿ ಇನ್ನೆಷ್ಟು ದುಡಿಮೆ ಉಳಿದಿದೆ ಎಂದು ಹೇಳುತ್ತಿದ್ದರು. ನೀನು ಕಬ್ಬಿಣದ ಬಾಯಿ ಬಿಡಿಸಿ ಹಲ್ಲು ನೋಡಿದಿ.

ನಾನು ಚಹಾ ತರುವಾಗ ಆಫ್ತಾಬ, "ಸವೆದದ್ದು ಎಲ್ಲಿ ಹೋಯ್ತು, ಯಾರು ಒಯ್ದ್ರು?" ಎಂದು ಕೇಳುತ್ತಿದ್ದ. ನೀನು ನನ್ನ ಮುಖ ನೋಡಿದಿ. "ಬೀಸೂಕಲ್ಲು ಸವೀತದಲ್ಲ, ಎಲ್ಲಿ ಹೋಗ್ತದಪಾ? ಹಿಟ್ಟಿನಾಗ ಹೋಗ್ತದ. ತಿಂದೋರು ಯಾರು? ನಾವೇ" ಅಂದೆ. ಎಂಟು ವರ್ಷ ಎರಡು ಮನೆ ಆ ರೊಟ್ಟಿ ಮಾರಿದ್ದರಲ್ಲೇ ಉಂಡಿವೆ. ಸವೆದದ್ದನ್ನು ಅವನೂ ಕೇಳುವಂತಿಲ್ಲ, ಉಳಿದದ್ದನ್ನು ಶಿವರಾಯ ನುಂಗುವಂತಿಲ್ಲ. ಆಫ್ತಾಬ ನಕ್ಕು ಒಪ್ಪಿದ. ಅಷ್ಟು ಹೊತ್ತು ಬೆನ್ನು ತಿರುಗಿಸಿ ಕೂತ ಖಾಸೀಂಬಿ ಈ ಕಡೆ ತಿರುಗಿ, "ಪೋರಿ ಬಾಯಿ ನಿಂದೇ ಅದ, ತಲಿ ಮಾತ್ರ ಯಾರ್ದೋ ಬೇ" ಎಂದು ನನ್ನನ್ನು ಚುಚ್ಚಿದಳು. ಎಷ್ಟು ದಿನದ ಮೇಲೆ ಅವಳ ಬೈಗುಳ ಕೇಳಿದೆನೆಂದು ನನ್ನ ಹೊಟ್ಟೆ ತಂಪಾಯಿತು. ಅದು ನಿನ್ನ ಪುಣ್ಯ.

ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ಎಣ್ಣೆ ಹಚ್ಚು. ನಿನ್ನ ಲೆಕ್ಕ ಯಾವತ್ತೂ ಯಾರ ಅನ್ನವನ್ನೂ ಕಸಿಯದಿರಲಿ ಎಂದು ಬಸವಣ್ಣನಲ್ಲಿ ಬೇಡಿಕೊಂಡಿದ್ದೇನೆ.

ನಿನ್ನ ಆಯಿ,
ಸುಮಿತ್ರಾಬಾಯಿ

ತಾ.ಕ.: ಕಾಗದ ಬರೆಯಲು ಕೂತದ್ದೇ ಇದಕ್ಕೆ. ನಿನ್ನೆ ಸೋಮವಾರ ಮಷೀನಿಗೆ ವಿಭೂತಿ ಹಚ್ಚಿ ಬಟ್ಟೆ ಹೊದಿಸುವಾಗ, ಇವತ್ತು ಇದು ದುಡಿದೇ ಇಲ್ಲವಲ್ಲ ಎಂದು ಹೊಳೆಯಿತು. ವಾರಕ್ಕೆ ಎಷ್ಟು ದಿನ ಎಂಬ ನಿನ್ನ ಪ್ರಶ್ನೆಗೆ ಏನು ಹೇಳಿದೆ ಎಂದು ನಿಮ್ಮಪ್ಪನನ್ನು ಕೇಳಿದರೆ, "ದಿನಾ ಓಡ್ತದ ಅಂದೇನಿ, ಏನೀಗ?" ಅಂದ. ಸೋಮವಾರ ಬಸವಣ್ಣನ ವಾರವೆಂದು ನಾನು ಅದನ್ನು ಓಡಿಸುವುದಿಲ್ಲ, ಶುಕ್ರವಾರ ಖಾಸೀಂಬಿ ಮುಟ್ಟಗೊಡುವುದಿಲ್ಲ, ಅಮಾವಾಸ್ಯೆಗೆ ಎತ್ತಿನ ಕೊರಳಿಗೇ ನೊಗ ಇಡದ ಮೇಲೆ ಮಷೀನಿಗೆ ಯಾಕೆ ಎಂದು ಇಬ್ಬರೂ ಸುಮ್ಮನಿರುತ್ತೇವೆ. ನಾವು ಎಣಿಸಿದಷ್ಟು ಅದು ಸವೆದೇ ಇಲ್ಲ, ಭಾಗ್ಯಾ. ಅವಳ ಪಾಲು ಇನ್ನೂ ಹೆಚ್ಚು. ಅವತ್ತು ಅಲ್ಲೇ ಕೂತಿದ್ದೆಯಲ್ಲ, ಯಾಕೆ ಬಾಯಿ ಬಿಡಲಿಲ್ಲ ಎಂದು ಖಾಸೀಂಬಿಯನ್ನು ಬೈದೆ. "ನನ್ನ ಪಾಲು ಹೆಚ್ಚಾಗೋ ಮಾತು ನಾನೇ ಹ್ಯಾಂಗ ಆಡ್ಲಿ ಬೇ" ಅಂದಳು. ಬಿಡುವಿನ ದಿನಗಳನ್ನೆಲ್ಲ ತೆಗೆದು ಲೆಕ್ಕ ಹೊಸದಾಗಿ ಮಾಡು. ಹೆಚ್ಚು ಬಂದರೆ ಅಪ್ಪನ ಮುಖ ನೋಡಬೇಡ, ಕೊಡುವವಳು ನಾನು. ಅವಳು ಕಡಿಮೆ ಪಾಲು ಸೆರಗಿಗೆ ಕಟ್ಟಿಕೊಂಡು ಅಫಜಲಪುರದ ಬಸ್ಸು ಹತ್ತಿದರೆ ಮುಂದಿನ ಸೋಮವಾರ ನಾನು ಯಾವ ಕೈಯಿಂದ ಅದಕ್ಕೆ ವಿಭೂತಿ ಹಚ್ಚಲಿ? ಮುಂದಿನ ತಿಂಗಳು ಹುಟ್ಟುವ ಮೊದಲೇ ಉತ್ತರ ಬರೆ, ಕೆಳಗೆ ಸಹಿ ಹಾಕು. ಹೆಬ್ಬೆರಳು ಕಳಿಸಿದರೆ ಮುರಿದೇನು.