ಸ್ಥಾವರ ನಿಲ್ಲಿಸಿದ ದಿನ

ಅಮ್ಮಾ,

ಸತ್ತವರ ಊರಿಗೆ ಅಂಚೆಯಿಲ್ಲ, ಗೊತ್ತು. ಆದರೂ ಈ ಸುದ್ದಿಯನ್ನು ಮೊದಲು ನಿನಗೇ ಹೇಳಬೇಕು. ಇವತ್ತು ನಮ್ಮ ಅಣುಸ್ಥಾವರವನ್ನು ನಾನು ನಿಲ್ಲಿಸಿದೆ!

ಬೆಳಿಗ್ಗೆ ಸಣ್ಣದಾಗಿ ಭೂಮಿ ನಡುಗಿತು. ಹಾನಿಯೇನೂ ಆಗಲಿಲ್ಲ. ಆದರೂ ಕರೆಂಟು ಹೋದಾಗ ಕಾದ ರಿಯಾಕ್ಟರಿಗೆ ತಂಪು ನೀರು ಹರಿಸಬೇಕಾದ ಡೀಸೆಲ್ ಯಂತ್ರಗಳನ್ನು ಪರೀಕ್ಷಿಸಿದೆ. ಎರಡೂ ಕೆಮ್ಮಿ ಸುಮ್ಮನಾದವು.

ಮೇಲಧಿಕಾರಿ ಕುರಾಮೋಚಿ ಓಡಿಬಂದರು. "ಈ ಸೆಕೇಲಿ ಟೋಕಿಯೋನೇ ಬೇಯ್ತಿದೆ, ಈಗ ಕರೆಂಟು ನಿಲ್ಲಿಸೋಕಾಗಲ್ಲ. ಸೋಮವಾರ ರಿಪೇರಿ ಮಾಡಿಸೋಣ ಬಿಡಮ್ಮ. ಅಷ್ಟರಲ್ಲಿ ಆಕಾಶ ಕಳಚಿ ಬೀಳುತ್ತಾ?"

"ಆಕಾಶ ಬೀಳೋದು ಬೇಡ ಸಾರ್. ಇನ್ನೊಂದ್ಸಲ ನಡುಗಿ ಕರೆಂಟು ಹೋದ್ರೆ ಸಾಕು, ಊರಲ್ಲಿ ಯಾರೂ ಉಳಿಯಲ್ಲ."

ಪಾಳಿಯ ಮುಖ್ಯಸ್ಥೆ ನಾನು. ಸ್ಥಾವರ ನಿಲ್ಲಿಸುವ ಗುಂಡಿ ಒತ್ತಿದೆ.

ಮಧ್ಯಾಹ್ನ ಬಿಚ್ಚಿ ನೋಡಿದರೆ ಎರಡೂ ಯಂತ್ರಗಳ ಡೀಸೆಲ್‌ಗೆ ಸಮುದ್ರದ ನೀರು ಸೇರಿತ್ತು. ಕುರಾಮೋಚಿ ಎಲ್ಲರೆದುರು ನನಗೆ ತಲೆಬಾಗಿದರು. ಎದೆ ಉಬ್ಬಿತು ಅಮ್ಮಾ, ಯಾಕೆ ಸುಳ್ಳು ಹೇಳಲಿ!

ಸಂಜೆ ಮನೆಗೆ ಹೊರಟವಳು ಸ್ಥಾವರದ ಮುಂಬಾಗಿಲ ಹೊರಗೆ ಕಾರು ನಿಲ್ಲಿಸಿದೆ. 'ಸ್ಥಾವರ ಬೇಡ' ಎಂಬ ಫಲಕ ಹಿಡಿದು ನೀನು ವರ್ಷಗಟ್ಟಲೆ ನಿಂತಿದ್ದ ಜಾಗದಲ್ಲಿ ನಿನ್ನ ಗೆಳತಿಯರು ಈಗಲೂ ನಿಂತಿದ್ದಾರೆ. ಸಮವಸ್ತ್ರದಲ್ಲೇ ಇಳಿದು ಅವರ ಬಳಿ ಹೋದೆ.

ಒಬ್ಬ ಅಜ್ಜಿ ತಣ್ಣನೆಯ ಬಾರ್ಲಿ ಚಹಾ ಬಗ್ಗಿಸಿಕೊಡುತ್ತಾ ಕೇಳಿದಳು: "ಇಷ್ಟು ವರ್ಷದಲ್ಲಿ ಒಳಗಿನೋರು ಒಬ್ರೂ ಇಲ್ಲಿ ಕಾರು ನಿಲ್ಸಿಲ್ಲ. ಯಾರ ಮಗಳಮ್ಮಾ ನೀನು?"

"ಮಿತ್ಸು ಮಗಳು" ಎಂದೆ, ಬಾಗಿಲ ಕಾವಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ.