ಗೋಡೆಯಾಚೆಯ ಗುಂಡಿ

ಬ್ಯಾಡಗಿ
ಶ್ರಾವಣ ಮಾಸ, ಬುಧವಾರ, 1988

ನನ್ನ ಮುದ್ದಿನ ನಾದಿನಿ ಗುತ್ತೆವ್ವನಿಗೆ,

ನಿನ್ನ ಚೊಚ್ಚಲ ಬಸುರಿನ ಕುಬಸಕ್ಕೆ ನಿಮ್ಮಣ್ಣ ತರುವ ಹಸಿರು ಸೀರೆಯ ಮಡಿಕೆಯಲ್ಲಿ ಈ ಕಾಗದ ನಿನಗೆ ಸಿಗುತ್ತದೆ. ಸುತ್ತ ಹೆಂಗಸರು ನೆರೆದಿದ್ದರೆ ಬಿಚ್ಚಬೇಡ. ಸೆರಗಿನಲ್ಲಿ ಮುಚ್ಚಿಕೊಂಡು, ಏನಾದರೊಂದು ನೆವ ಹೇಳಿ ಒಳಗೆ ಹೋಗಿ ಒಬ್ಬಳೇ ಓದು. ಅಂಚೆಗೆ ಹಾಕಬಹುದಿತ್ತು. ಆದರೆ ರಾಣೆಬೆನ್ನೂರಿನ ನಿಮ್ಮ ಮನೆಯಲ್ಲಿ ಯಾರ ಹೆಸರಿಗೆ ಪತ್ರ ಬಂದರೂ ನಿನ್ನ ಮಾವನವರೇ ಒಡೆದು, ಪಡಸಾಲೆಯಲ್ಲಿ ಕುಳಿತು ದೊಡ್ಡ ದನಿಯಲ್ಲಿ ಓದುತ್ತಾರೆಂದು ನೀನೇ ನಗುತ್ತಾ ಹೇಳಿದ್ದೆ. ಇದು ಪಡಸಾಲೆಯಲ್ಲಿ ಓದುವ ಪತ್ರವಲ್ಲ ತಂಗಿ.

ಸುತ್ತಿ ಬಳಸಿ ಹೇಳುವಷ್ಟು ಧೈರ್ಯ ನನ್ನಲ್ಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನೀನು ಬಾಣಂತನಕ್ಕೆ ತವರಿಗೆ ಬರಬೇಡ. ಶುಕ್ರವಾರ ಕುಬಸ ಮುಗಿಸಿ ನಿಮ್ಮಣ್ಣ ನಿನ್ನನ್ನು ಕರೆದುಕೊಂಡು ಹೊರಟರೆ ಬಸ್ಸು ಹತ್ತಬೇಡ. ಚೊಚ್ಚಲ ಬಸುರಿಗೆ ತವರಿನ ಬಾಗಿಲು ಹಾಕುವ ವೈನಿಯನ್ನು ಊರು ಏನನ್ನುತ್ತದೆಂದು ನನಗೆ ಗೊತ್ತು. ಅನ್ನಲಿ. ನೀನೂ ಅನ್ನು. ಆದರೆ ಕೊನೆಯ ಸಾಲಿನವರೆಗೆ ಓದಿ, ಆಮೇಲೆ ಅನ್ನು.

ನಿಮ್ಮವ್ವನಿಗೆ ಜ್ವರ ಎಂದಷ್ಟೇ ನಿನಗೆ ಹೇಳಿ ಕಳಿಸಿದ್ದೆವು. ಅದು ಜ್ವರವಲ್ಲ, ಕಾಮಣಿ. ಕಣ್ಣು, ಉಗುರು ಎಲ್ಲ ಅರಿಶಿನ ಬಳಿದ ಹಾಗಾಗಿದ್ದವು. ಹದಿನೈದು ದಿನ ಗಂಜಿಯೂ ಒಳಗೆ ನಿಲ್ಲಲಿಲ್ಲ. ಈಗ ಎದ್ದು ಕೂರುತ್ತಾರೆ, ನನ್ನನ್ನು ಬೈಯುತ್ತಾರೆ, ಅಂದರೆ ಗುಣವಾಗುತ್ತಿದ್ದಾರೆ, ಗಾಬರಿಯಾಗಬೇಡ. ಹಾವೇರಿಯ ಡಾಕ್ಟರಮ್ಮನ ಬಳಿ ನಾವಿಬ್ಬರೂ ಕರೆದುಕೊಂಡು ಹೋಗಿದ್ದೆವು. ಆಕೆ ಕೇಳಿದ ಮೊದಲ ಪ್ರಶ್ನೆಯೇ, ಯಾವ ನೀರು ಕುಡಿಯುತ್ತೀರಿ ಎಂದು. ನಿಮ್ಮಣ್ಣ ಎದೆಯುಬ್ಬಿಸಿ ಹೇಳಿದರು: "ನಮ್ಮದು ಸ್ವಂತ ಬಾವಿ ಐತ್ರಿ. ತಪಾಸ ಮಾಡಿಸೇ ಮನಿ ತಗೊಂಡೇನಿ. ಗ್ವಾಡಿ ಆಚೆ ಏನೈತಿ ಅಂತ ಈಕಿನ ಸ್ವತಃ ಹೋಗಿ ನೋಡಿ ಬಂದಾಳ."

ನಾನು ನೆಲ ನೋಡುತ್ತಾ ನಿಂತಿದ್ದೆ. ಹಾಗಾದರೆ ಬೇರೆಲ್ಲೋ ಕೆಟ್ಟ ನೀರು ಕುಡಿದಿರಬೇಕು ಎಂದರು ಆಕೆ. ಕಾಗಿನೆಲೆಗೆ ಹೋಗಿದ್ದಾಗ ಕುಡಿದಿರಬಹುದು ಎಂದು ನಿಮ್ಮಣ್ಣನೇ ಕಾರಣವನ್ನೂ ಹುಡುಕಿಕೊಟ್ಟರು. ಅವರು ಔಷಧ ತರಲು ಹೊರಗೆ ಹೋದಾಗ ಡಾಕ್ಟರಮ್ಮ ನನ್ನ ಹೊಟ್ಟೆಯ ಕಡೆ ನೋಡಿ, "ನೀನು ಬಸುರಿ ಅಲ್ಲ ತಾನೇ? ಬಸುರಿಗೆ ಈ ಕಾಯಿಲೆ ಬಂದರೆ ತಾಯಿ, ಮಗು ಎರಡೂ ಕೈಗೆ ಸಿಗೋದು ಕಷ್ಟ" ಎಂದರು. ನಾನಲ್ಲ ಎಂದೆ. ಹಾಗೆನ್ನುವಾಗ ನನ್ನ ಕಣ್ಣ ಮುಂದೆ ಬಂದವಳು ನೀನು. ನಾಗರ ಪಂಚಮಿಗೆ ನಿನ್ನನ್ನು ಕಳಿಸುವುದಿಲ್ಲ, ಕುಬಸ ಮುಗಿಸಿಯೇ ಕರೆದುಕೊಂಡು ಹೋಗಿ ಎಂದು ನಿನ್ನ ಅತ್ತೆ ಹೇಳಿ ಕಳಿಸಿದಾಗ ನಿಮ್ಮವ್ವ ಅತ್ತರು. ನಾನು ಇನ್ನಷ್ಟು ದಿನ ಸಿಕ್ಕವೆಂದು ಒಳಗೆ ಹೋಗಿ ದೇವರ ಜಗಲಿಗೆ ಹಣೆ ಹಚ್ಚಿದೆ.

ಯಾಕೆಂದರೆ ಗೋಡೆಯಾಚೆ ಏನಿದೆ ಎಂದು ನಾನು ನಿಜಕ್ಕೂ ನೋಡಿದ್ದೆ, ಗುತ್ತೆವ್ವ.

ಮಾಘದಲ್ಲಿ ಈ ಮನೆ ನೋಡಲು ಬಂದ ದಿನದ ಮಾತು. ನಾನು ಐರಣಿಯವಳು, ಹೊಳೆಗೆ ಕಾಲು ಇಳಿಬಿಟ್ಟುಕೊಂಡೇ ಬೆಳೆದವಳು. ಹೆತ್ತವರು ಹೆಸರನ್ನೂ ಹೊಳಿಯವ್ವ ಎಂದೇ ಇಟ್ಟರು. ಲಗ್ನವಾಗಿ ಬಂದದ್ದು ಮೂರು ದಿನಕ್ಕೊಮ್ಮೆ ನೀರು ಬಿಡುವ ಓಣಿಗೆ. ಬಾಡಿಗೆ ಮನೆಯಲ್ಲಿದ್ದ ಆ ಒಂಬತ್ತು ವರ್ಷ ನಳದ ಸರದಿಯಲ್ಲಿ ನಾನು ಆಡಿದ ಜಗಳ ನಿನಗೇ ಗೊತ್ತು, ನನ್ನ ಕೊಡ ಹಿಡಿದುಕೊಂಡು ಹಿಂದೆ ನಿಲ್ಲುತ್ತಿದ್ದವಳು ನೀನು. ಒಂದು ತಂಬಿಗೆ ಹೆಚ್ಚು ಚೆಲ್ಲಿದರೆ ನಿಮ್ಮವ್ವ, "ಇದು ನಿಮ್ಮಪ್ಪನ ಹೊಳಿ ಅಲ್ಲವಾ" ಎನ್ನುತ್ತಿದ್ದರು. ಅಂಥವಳಿಗೆ ಹಿತ್ತಲಲ್ಲೇ ಕಲ್ಲು ಕಟ್ಟಿದ ಬಾವಿ, ಒಳಗೆ ಬಗ್ಗಿದರೆ ಮುಖ ಕಾಣುವ ತಿಳಿನೀರು. ಮನೆಯ ಗೋಡೆ ಬಿರುಕು ಬಿಟ್ಟಿದೆಯೋ, ಮಾಳಿಗೆ ಸೋರುತ್ತದೆಯೋ ನಾನು ನೋಡಲೇ ಇಲ್ಲ. ಬಾವಿಯ ಮೇಲಿನ ರಾಟೆ, ಆ ಗಡಗಡಿಗೆ ಕೈ ಹಚ್ಚಿ ನಿಂತುಬಿಟ್ಟೆ.

ನಿಮ್ಮಣ್ಣ ಎಲ್ಲವನ್ನೂ ಅಳೆದು ಸುರಿದು ಮಾಡುವ ಮನುಷ್ಯ. ಬಾವಿ ಇಳಿಯುವ ಫಕ್ಕೀರಸಾಬನನ್ನು ಕರೆಸಿದ್ದರು. ನಮ್ಮೂರಲ್ಲಿ ಬಾವಿಯಿರುವ ಮನೆ ಕೊಳ್ಳುವವರು ಆತನ ಮಾತು ಕೇಳದೆ ಮುಂದೆ ಹೋಗುವುದಿಲ್ಲ. ಆತ ಹಗ್ಗ ಹಿಡಿದು ಇಳಿದು, ತಳದ ಕೆಸರು ಬೆರಳಲ್ಲಿ ತೆಗೆದು ಮೂಸಿ, ಸೆಲೆಗೆ ಅಂಗೈ ಹಿಡಿದು ಎಷ್ಟೋ ಹೊತ್ತು ನಿಂತಿದ್ದು ಮೇಲೆ ಬಂದ. "ನೀರು ಈಗ ಚಲೋ ಅದಾವು. ಆದರ ದೊಡ್ಡ ಸೆಲಿ ಮೂಡಣ ಗ್ವಾಡಿ ಕಡಿಯಿಂದ ಬರತೈತ್ರಿ. ಆ ಕಡೆ ಸಂಡಾಸದ ಗುಂಡಿ ಇದ್ದರ ಮೂವತ್ತು ಮೊಳ ದೂರ ಇರಬೇಕು. ಇಲ್ಲಾಂದ್ರ ಮಳಿಗಾಲದಾಗ ಇದು ಕುಡಿಯೂ ನೀರಲ್ಲ" ಎಂದ. ಗುಂಡಿಯ ಮೇಲೆ ಗುಮಾನಿ ಬಂದರೆ ಅದಕ್ಕೊಂದು ಸೀಸೆ ಚಿಮಣಿ ಎಣ್ಣೆ ಸುರಿದು, ಎಂಟು ದಿನ ಬಾವಿ ನೀರು ಮೂಸಿ ನೋಡುವುದು ತನ್ನ ಅಪ್ಪನ ಕಾಲದ ಪರೀಕ್ಷೆ ಎಂದೂ ಹೇಳಿದ.

ಮೂಡಣ ಗೋಡೆಯಾಚೆ ಡಾಕಪ್ಪನ ಹಿತ್ತಲು. ಅವನ ಮಗಳು ಬಾಣಂತನಕ್ಕೆ ಬಂದಿದ್ದಳು. ಅಲ್ಲೇ ತಟ್ಟಿ ಮರೆ ಮಾಡಿ ಆಕೆಗೆ ಎರೆಯುತ್ತಿದ್ದರು. ಬಾಣಂತಿ ಎರೆದುಕೊಳ್ಳುವ ಕಡೆ ಗಂಡಸರು ಕಾಲಿಡುವುದುಂಟೇ? ನಿಮ್ಮಣ್ಣ, ಫಕ್ಕೀರಸಾಬ ಮುಖ ಮುಖ ನೋಡಿಕೊಂಡರು. ಕೊನೆಗೆ ಫಕ್ಕೀರಸಾಬ ನನಗೆ, "ತಾಯಿ, ನೀ ಹೋಗಿ ನೋಡಿ ಬಾ. ಮೂಲಿತನಕಾ ಹೋಗು" ಎಂದ. ಒಂದು ಕೊಬ್ಬರಿ ಬಟ್ಟಲು, ಒಂದಚ್ಚು ಬೆಲ್ಲ ಉಡಿಯಲ್ಲಿ ಇಟ್ಟುಕೊಂಡು ಕೂಸು ನೋಡುವವಳ ಹಾಗೆ ಹೋದೆ.

ಡಾಕಪ್ಪನ ಹೆಂಡತಿ ಎಷ್ಟು ಸಂಭ್ರಮದಿಂದ ಹಿತ್ತಲು ತೋರಿಸಿದಳು! ಮಗಳು ಬಯಲಿಗೆ ಹೋಗುವುದು ಬೇಡವೆಂದು ಬಾಣಂತನಕ್ಕೇ ಹೊಸ ಸಂಡಾಸ ಕಟ್ಟಿಸಿದ್ದರು. ಆ ಓಣಿಗೇ ಮೊದಲನೆಯದು, ಆದರೆ ತಟ್ಟಿಯ ಮರೆಯಲ್ಲಿದ್ದುದರಿಂದ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಪಾಪ, ಅವರದೇನೂ ತಪ್ಪಿಲ್ಲ, ಮಗಳ ಮೇಲಿನ ಮಾಯೆ. ಗುಂಡಿ ಮೂಲೆಯಲ್ಲಿತ್ತು, ನಮ್ಮ ಗೋಡೆಗೆ ಹತ್ತಿಕೊಂಡೇ. ತಳಕ್ಕೆ ಗಚ್ಚು ಹಾಕಿಲ್ಲ, ನೀರೆಲ್ಲ ನೆಲವೇ ಕುಡಿಯುತ್ತದೆ ಎಂದು ಆಕೆ ಹೆಮ್ಮೆಯಿಂದ ಹೇಳುತ್ತಿದ್ದಳು. ಅಷ್ಟರಲ್ಲಿ ಗೋಡೆಯಾಚೆ ನಮ್ಮ ಬಾವಿಕಟ್ಟೆಯ ಮೇಲೆ ಕೂತಿದ್ದ ಫಕ್ಕೀರಸಾಬ ಕೆಮ್ಮಿದ್ದು ನನ್ನ ಪಕ್ಕದಲ್ಲೇ ಕೆಮ್ಮಿದಷ್ಟು ಸ್ಪಷ್ಟ ಕೇಳಿಸಿತು. ಮೂವತ್ತು ಮೊಳ ಎಲ್ಲಿ ಬಂತು, ಎಂಟು ಮೊಳವಿದ್ದರೆ ಹೆಚ್ಚು.

ವಾಪಸು ಬರುವ ಹತ್ತು ಹೆಜ್ಜೆಯಲ್ಲಿ ನಾನು ನಿಜ ಹೇಳುವವಳೇ ಇದ್ದೆ. ಹೇಳಿದರೆ ನಿಮ್ಮಣ್ಣ ಅಲ್ಲೇ ಕೈ ಮುಗಿದು ಈ ಮನೆ ಬೇಡ ಎನ್ನುತ್ತಿದ್ದರು. ಮತ್ತೆ ಅದೇ ಓಣಿ, ಅದೇ ನಳ, ಅದೇ ಸರದಿ. ಬಾಯಿ ತೆರೆದೆ. "ಸಗಣಿ ಕುಳ್ಳು ಒಟ್ಟ್ಯಾರ, ಒಂದು ನುಗ್ಗಿ ಗಿಡ ಐತಿ. ಮತ್ತೇನಿಲ್ಲ" ಎಂಬ ಮಾತು ಬಂತು. ಫಕ್ಕೀರಸಾಬ ನನ್ನನ್ನೇ ನೋಡಿ, "ಖರೇನ ನೋಡಿದೇನವಾ?" ಎಂದ. ಹೂಂ ಎಂದೆ. ಹೆಣ್ಣುಮಗಳ ಮಾತನ್ನು ಮತ್ತೆ ಮತ್ತೆ ಕೆದಕುವುದು ಸರಿಯಲ್ಲವೆಂದು ಆತ ಹಗ್ಗ ಸುತ್ತಿಕೊಂಡು ಹೊರಟ. ಆ ಸಂಜೆ ನಿಮ್ಮವ್ವ ರೂಢಿಯಂತೆ ಆ ಬಾವಿಯ ನೀರಿನಲ್ಲಿ ತೊಗರಿ ಬೇಳೆ ಬೇಯಿಸಿ ನೋಡಿದರು. ಬೇಳೆ ಬೆಣ್ಣೆಯಂತೆ ಬೆಂದಿತು. ಬೇಳೆ ಬೆಂದರೆ ನೀರು ಒಳ್ಳೆಯದೆಂದು ನಮ್ಮ ಹಿರಿಯರು ಹೇಳುತ್ತಾರಲ್ಲ, ನಾನೂ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬೇಳೆಗೆ ಗುಂಡಿಯ ಸುದ್ದಿ ಏನು ಗೊತ್ತು?

ಬೇಸಿಗೆಯಿಡೀ ನಾನು ರಾಣಿಯ ಹಾಗಿದ್ದೆ, ಸುಳ್ಳಾಡುವುದಿಲ್ಲ. ಆಷಾಢದ ಮಳೆ ಹಿಡಿಯಿತು, ಬಾವಿ ಏರಿತು. ಒಂದು ಬೆಳಿಗ್ಗೆ ಸೇದಿದ ಮೊದಲ ಕೊಡಕ್ಕೆ ಏನೋ ಒಂಥರಾ ವಾಸನೆ. ಚೆಲ್ಲಿ ಇನ್ನೊಂದು ಸೇದಿದೆ. ಮರುದಿನವೂ ಅಷ್ಟೇ. ಯಾರೂ ಏಳುವ ಮುಂಚೆ ಎದ್ದು ನಾಲ್ಕು ಕೊಡ ಚೆಲ್ಲುವುದು ನನ್ನ ದಿನಚರಿಯಾಯಿತು. ಚೆಲ್ಲಿದರೆ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದಾಗಿ ಸ್ವಲ್ಪ ದಿನಕ್ಕೇ ನಿಮ್ಮವ್ವ ಮಲಗಿದರು.

ಹಾವೇರಿಯಿಂದ ಬಂದ ಮರುದಿನ ಒಂದು ಸೀಸೆ ಚಿಮಣಿ ಎಣ್ಣೆ ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಡಾಕಪ್ಪನ ಮನೆಗೆ ಹೋದೆ. ಹೊಟ್ಟೆ ಕೆಟ್ಟಿದೆಯೆಂದು ಸುಳ್ಳು ಹೇಳಿ ಅವರ ಸಂಡಾಸಕ್ಕೆ ಹೋಗಿ ಸುರಿದು ಬಂದೆ. ಮೊದಲ ದಿನ ನಮ್ಮ ಬಾವಿ ನೀರಿಗೆ ವಾಸನೆಯಿಲ್ಲ. ಎರಡು, ಮೂರು, ನಾಲ್ಕು, ಇಲ್ಲ. ನಾನು ಮನಸ್ಸಿನಲ್ಲೇ ಕಂಡ ಕಂಡ ದೇವರಿಗೆ ಹರಕೆ ಹೊತ್ತೆ. ಐದನೆಯ ದಿನ ಕೊಡ ಮೇಲೆ ಬರುವ ಮುಂಚೆಯೇ ಚಿಮಣಿ ಎಣ್ಣೆಯ ನಾತ ಮೂಗಿಗೆ ಬಡಿಯಿತು. ಕೈಯಿಂದ ಹಗ್ಗ ಜಾರಿ ಕೊಡ ಬಾವಿಗೆ ಬಿತ್ತು. ಅದಿನ್ನೂ ಅಲ್ಲೇ ಇದೆ. ಯಾರೂ ಏಳುವ ಮುಂಚೆ ಇನ್ನೊಂದು ಕೊಡದಿಂದ ವಾಸನೆ ಹೋಗುವವರೆಗೆ ಸೇದಿ ಚೆಲ್ಲಿದೆ, ಅಂದಿನಿಂದ ಡಾಕ್ಟರಮ್ಮನ ನೆವ ಹೇಳಿ ಎಲ್ಲರಿಗೂ ಕಾಯಿಸಿದ ನೀರೇ ಕೊಡುತ್ತಿದ್ದೇನೆ.

ನಿಮ್ಮಣ್ಣನಿಗೆ ಹೇಳಲು ಮೂರು ಸಲ ಹೋದೆ. ಒಮ್ಮೆ ಊಟಕ್ಕೆ ಬಡಿಸುವಾಗ, ಒಮ್ಮೆ ಅವರು ನಿನ್ನ ಬಾಣಂತಿ ಹೊರಸಿಗೆ ಹೊಸ ಹಗ್ಗ ಹೆಣೆಯುತ್ತಿದ್ದಾಗ. ಮೂರನೆಯ ಸಲ, "ಬಾವಿ..." ಎನ್ನುವಷ್ಟರಲ್ಲಿ ಅವರೇ, "ಗುತ್ತಿ ಬಂದ ಮ್ಯಾಲ ದಿನಾ ಇಪ್ಪತ್ತು ಕೊಡ ಬೇಕು, ಬಾವಿ ಇದ್ದದ್ದು ಚಲೋ ಆತು ನೋಡು" ಎಂದು ನಕ್ಕರು. ಅವರು ಕೈಯೆತ್ತುವ ಗಂಡಸಲ್ಲ, ನಿನಗೆ ಗೊತ್ತು. ಬೈಯುವವರೂ ಅಲ್ಲ. ನನಗಿರುವ ಹೆದರಿಕೆ ಪೆಟ್ಟಿನದಲ್ಲ. ಇನ್ನು ಮೇಲೆ ನಾನು ಆಡಿದ ಯಾವ ಮಾತನ್ನೂ ಅವರು ನಂಬುವುದಿಲ್ಲ ಎಂಬ ಹೆದರಿಕೆ. ಅನ್ನಕ್ಕೆ ಉಪ್ಪು ಹಾಕಿದ್ದೇನೆ ಎಂದರೂ ನೆಕ್ಕಿ ನೋಡುವ ಸಂಸಾರ ನನಗೆ ಬೇಡ ತಂಗಿ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಿಮ್ಮವ್ವನನ್ನು ಮಲಗಿಸಿದವಳು ನಾನು. ಔಷಧ ಕುಡಿಸುವಾಗ ಅವರು ನನ್ನ ಗಲ್ಲ ಹಿಡಿದು, "ಹೊಟ್ಟಿಲೆ ಹುಟ್ಟಿದಾಕಿನೂ ಇಷ್ಟು ಮಾಡಾಂಗಿಲ್ಲ" ಎನ್ನುತ್ತಾರೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ.

ಸುಮ್ಮನಿದ್ದು ನಿನ್ನನ್ನು ಬರಮಾಡಿಕೊಂಡು, ಕದ್ದು ಮುಚ್ಚಿ ನಳದ ನೀರು ಕಾಯಿಸಿ ಕೊಟ್ಟು ಪಾರಾಗಬಹುದೇ ಎಂದೂ ಲೆಕ್ಕ ಹಾಕಿದೆ. ನಾನು ಅಂಥವಳೇ. ಆದರೆ ನೀನು ಈ ಮನೆಯ ಮಗಳು, ಬಾಯಾರಿದರೆ ಯಾರನ್ನು ಕೇಳುತ್ತೀ? ಕೊಡಕ್ಕೆ ಕೈ ಹಾಕಿ ಕುಡಿಯುತ್ತೀ. ನಾನು ಎಷ್ಟು ದಿನ, ಎಷ್ಟು ಗುಟುಕು ಕಾಯಲಿ? ಕಣ್ಣು ಮುಚ್ಚಿದರೆ ನಿನ್ನ ಕಣ್ಣು ಹಳದಿಯಾದಂತೆ ಕಾಣುತ್ತದೆ.

ಅದಕ್ಕೇ ಬರೆಯುತ್ತಿದ್ದೇನೆ. ಬರೇ "ಬರುವುದಿಲ್ಲ" ಎಂದು ನೀನು ಹಟ ಹಿಡಿದರೆ ಎರಡೂ ಮನೆಗೆ ಮನಸ್ತಾಪವಾಗುತ್ತದೆ, ನಿಮ್ಮವ್ವ ಎದೆಯೊಡೆದುಕೊಳ್ಳುತ್ತಾರೆ. ಆದ್ದರಿಂದ ಓದಿ ಮುಗಿಸಿದ ಮೇಲೆ ಈ ಕಾಗದವನ್ನು ಹರಿಯಬೇಡ, ಒಲೆಗೆ ಹಾಕಬೇಡ. ನಿಮ್ಮಣ್ಣನನ್ನು ಒಳಗೆ ಕರೆದು ಅವರ ಕೈಗೆ ಕೊಡು. ತಾವೇ ಹೊತ್ತು ತಂದದ್ದು ಏನೆಂದು ಅವರಿಗೆ ಗೊತ್ತಿಲ್ಲ. ನನ್ನ ಪರವಾಗಿ ಒಂದು ಮಾತೂ ಆಡಬೇಡ. ಬಾವಿಗೆ ಮುಚ್ಚಳ ಹಾಕಿಸಲಿ, ಇಲ್ಲ ನನ್ನನ್ನು ಐರಣಿಗೆ ಕಳಿಸಲಿ, ಅವರಿಗೆ ಬಿಟ್ಟದ್ದು. ಬುತ್ತಿಯ ಹೋಳಿಗೆ, ಕಡುಬು ಎಲ್ಲ ಮಾಡಿದ್ದು ನಳದ ನೀರಿನಲ್ಲಿ. ನಿನ್ನೆ ಹೋಗಿ ಸರದಿ ನಿಂತು ತಂದೆ. ಹೆದರದೆ ಹೊಟ್ಟೆ ತುಂಬ ಉಣ್ಣು.

ನಿಮ್ಮವ್ವ ಎದ್ದರು, ಯಾರಿಗೆ ಬರೆಯುತ್ತಿದ್ದೀ ಎಂದು ಕೇಳುತ್ತಿದ್ದಾರೆ. ನಿನಗೆ ಎಂದೆ. ಲಗೂ ಬಾ ಅಂತ ಬರಿ ಎನ್ನುತ್ತಿದ್ದಾರೆ.

ನಿನ್ನ ಉಡಿ ತಣ್ಣಗಿರಲಿ. ಹೂವೆತ್ತಿದಷ್ಟು ಹಗುರಾಗಿ ಹಡೆದೇಳು. ಕೂಸಿಗೆ ನಿನ್ನ ಮೂಗು ಬರಲಿ, ನನ್ನ ನಾಲಿಗೆಯ ನೆರಳೂ ಬೀಳದಿರಲಿ.

ಶುಕ್ರವಾರ ಸಂಜೆ ಬಾಗಿಲಲ್ಲಿ ನಿಂತಿರುತ್ತೇನೆ. ನೀನು ಅವರ ಜೊತೆ ಬಂದರೆ ಸೀರೆಯ ಮಡಿಕೆ ಯಾರೂ ಬಿಚ್ಚಿಲ್ಲವೆಂದು ತಿಳಿದು, ಓಣಿಯ ನಡುವೆಯೇ ನಿನ್ನ ಕಾಲು ಹಿಡಿದು, ಎಲ್ಲರ ಮುಂದೆ ಕೂಗಿ ಹೇಳುತ್ತೇನೆ. ಅವರೊಬ್ಬರೇ ಬರುತ್ತಿರುವುದು ಕಂಡರೆ, ನೀನು ಉಳಿದೆ ಎಂದು ತಿಳಿಯುತ್ತೇನೆ. ಒಬ್ಬರೇ ಬರಲಿ ಎಂದೇ ಬೇಡಿಕೊಳ್ಳುತ್ತಿದ್ದೇನೆ.

ಇಂತಿ ನಿನ್ನ ಕೇಡು ಬಯಸದ ವೈನಿ,
ಹೊಳಿಯವ್ವ