ಮೇಸ್ತ್ರಿ ಎತ್ತಿದ ಬಂಡಲ್

ಅವ್ವಾ,

ನೀನು ತೀರಿಹೋಗಿ ಎಷ್ಟೋ ವರ್ಷ ಆತು, ಆದ್ರೂ ಇವತ್ತಿನ ಸುದ್ದಿ ನಿನಗ ಹೇಳದ ಇರಾಕ ಆಗವಲ್ದು.

ನನ್ನ ಗರ್ಭಚೀಲ ಜಾರಿ ಕೆಳಗ ಬಂದಿತ್ತು. ಬಳ್ಳಾರಿಗೆ ಹೋಗಿ ಆಪರೇಷನ್ ಮಾಡಿಸ್ಕೊಂಡು ರಾಯದುರ್ಗಕ್ಕ ಬಂದೆ. ಗಾಯ ಮಾದೈತಿ, ಭಾರ ಮಾತ್ರ ಎತ್ತಬ್ಯಾಡ ಅಂದಾರ ಡಾಕ್ಟ್ರಮ್ಮ. ಇವತ್ತು ಮತ್ತ ನಿನ್ನ ಹೊಲಿಗಿ ಮಷೀನ್ ಮುಂದ ಕುಂತೆ. ಮೇಸ್ತ್ರಿ ತಿಪ್ಪೇರುದ್ರಪ್ಪ ಹೊಲಿಯಾಕ ಕತ್ತರಿಸಿದ ಜೀನ್ಸ್ ಬಂಡಲ್ ತಂದು, ನಿನ್ನ ಕಾಲದಂಗ ಬಾಗಿಲದಾಗ ಒಗದು ಹೊಂಟಿದ್ದ.

"ಒಳಗ ತಂದಿಡ್ರಿ" ಅಂದೆ.

"ಯಾಕಮ್ಮ, ಕೈ ನೋವೇನು?"

"ಕೈ ಅಲ್ರಿ. ಗರ್ಭಚೀಲ ಜಾರಿತ್ತು, ಹೊಲಿಗಿ ಹಾಕ್ಯಾರ. ಇನ್ನ ಮ್ಯಾಲ ನೀವೇ ಒಳಗಿಡ್ರಿ, ನೀವೇ ಎತ್ಕೊಂಡು ಹೋಗ್ರಿ."

ಕಟ್ಟಿ ಮ್ಯಾಲ ದಾರ ಕತ್ತರಸ್ತಿದ್ದ ಹೆಂಗಸ್ರು ಕೈ ನಿಲ್ಲಿಸಿ ನನ್ನ ನೋಡಿದ್ರು. ಅಂವ ತಲಿ ಬಗ್ಗಿಸ್ಕೊಂಡು ಬಂಡಲ್ ಎತ್ತಿ ಮಷೀನ್ ಪಕ್ಕ ಇಟ್ಟು ಹೋದ. ಅಷ್ಟ ನೋಡವ್ವ, ನನ್ನ ಮರ್ಯಾದಿ ಏನೂ ಹೋಗಲಿಲ್ಲ.

ಆಮ್ಯಾಲ ಆ ಹೆಂಗಸ್ರಾಗ ಬನಶಂಕರಿ ಎದ್ದು ಬಂದು, "ಅಕ್ಕಾ, ಯಾವ ಡಾಕ್ಟ್ರು?" ಅಂತ ಮೆಲ್ಲಕ ಕೇಳಿದ್ಲು. ನಾಳೆ ಆಕಿನ್ನ ನಾನೇ ಬಳ್ಳಾರಿಗೆ ಕರ್ಕೊಂಡು ಹೋಗ್ತೀನಿ.

ನೀನು ಹಳೇ ಸೀರಿ ಮಡಿಚಿ ದಪ್ಪಗ ಹೊಲದು, ಮಷೀನ್ ಡ್ರಾದಾಗ ಇಡ್ತಿದ್ದಿ. ಮುಟ್ಟು ನಿಂತ ಮ್ಯಾಲೂ ಯಾಕ ಹೊಲೀತಿ ಅಂತ ಕೇಳಿದ್ರ, "ಮಷೀನ್ ಎಣ್ಣಿ ಒರಸಾಕ" ಅಂತಿದ್ದಿ. ನಂಬಿ, ನಾನು ಅವುಗಳಿಂದ ಎಣ್ಣಿ ಒರಸಿದೆ. ಆಪರೇಷನ್‌ಕ್ಕಿಂತ ಮುಂಚೆ ನಾನೂ ಅಂಥದ್ದೇ ಒಂದು ಹೊಲ್ಕೊಂಡು, ಜಾರಬಾರದು ಅಂತ ಬಿಗಿಯಾಗಿ ಕಟ್ಕೊಂಡಿದ್ದೆ. ಆವಾಗ ತಿಳೀತು, ನಿನಗೂ ಜಾರಿತ್ತು ಅಂತ.

ನೀನು ಹೊಲದದ್ದು ಒಂದು ಇನ್ನೂ ಡ್ರಾದಾಗ ಐತಿ. ಇವತ್ತು ಮಷೀನ್ ಒರಸಾಕ ಬ್ಯಾರೆ ಬಟ್ಟಿ ತಗೊಂಡೆ.